ಇಗುವಾನಕ್ಕೂ ಮಕಾವ್‌ಗೂ ಒಂದೇ ಬಿಸಿಲು, ಒಂದೇ ಸೊಪ್ಪು: ನನ್ನ ಅನುಭವ

ಹಲ್ಲಿ ಜಾತಿಗೂ ಹಕ್ಕಿಗೂ ಒಂದೇ ಲೆಕ್ಕ ಹಾಕಿದ್ರೆ ಎರಡನ್ನೂ ಕಳ್ಕೋತೀಯ ಅಂದೋರೇ ಜಾಸ್ತಿ. ಈಗ ನನ್ನ ಹಸಿರು ಇಗುವಾನ ಬಾಲ ಸೇರಿ ನಾಲ್ಕಡಿ ದಾಟಿದೆ, ನೀಲಿ-ಹಳದಿ ಮಕಾವ್ ಗಿಣಿಯ ಎದೆ ಮೇಲೆ ಪುಕ್ಕ ಪೂರ್ತಿ ಬಂದಿದೆ, ಅದಕ್ಕೇ ಬರೀತಿದ್ದೀನಿ.

ಮೊದಲು ಹಾಳಾದ ದುಡ್ಡಿನ ಕಥೆ. ಇಗುವಾನಕ್ಕೆ ಗಾಜಿನ ಟ್ಯಾಂಕ್ ಮಾಡಿಸ್ದೆ, ಹದಿನೆಂಟು ಸಾವಿರದ ಹತ್ರ ಆಯ್ತು. ಕಿಟಕಿ ಬಿಸಿಲಲ್ಲಿರೋ ಯುವಿಬಿ (ಕ್ಯಾಲ್ಸಿಯಂ ಮೈಗೆ ಹತ್ತೋಕೆ ಬೇಕಾದ ಕಿರಣ) ಗಾಜು ದಾಟಲ್ಲ ಅಂತ ಗೊತ್ತಿತ್ತು, ಮೇಲೆ ಬಲ್ಬ್ ಇದೆಯಲ್ಲ ಅನ್ಕೊಂಡು ಸುಮ್ನಿದ್ದೆ, ಆ ಬಲ್ಬೋ ಒಂದೂವರೆ ವರ್ಷದ್ದು, ಬೆಳಕು ಬರ್ತಿತ್ತು ಯುವಿಬಿ ಸತ್ತೋಗಿತ್ತು. ಜೊತೆಗೆ ದಿನಾ ಪಾಲಕ್ ಬೇರೆ ಹಾಕ್ತಿದ್ದೆ, ಅದು ಕ್ಯಾಲ್ಸಿಯಂ ಮೈಗೆ ಹತ್ತೋಕೆ ಬಿಡಲ್ಲ, ದಡ್ಡತನ. ದವಡೆ ಮೆತ್ತಗಾಗಿ ಹಿಂಗಾಲು ನಡುಗೋಕೆ ಶುರುವಾಯ್ತು, ಎಕ್ಸ್‌ರೇ, ಕ್ಯಾಲ್ಸಿಯಂ ಅಂತ ಇನ್ನೊಂದು ಏಳೆಂಟು ಸಾವಿರ ಹೋಯ್ತು. ಮಕಾವ್ ಕಥೆ ಬೇರೆ, ಮೊದಲು ಸಾಕಿದ್ದೋರ ಮನೇಲಿ ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದಿತ್ತು, ಬೇಜಾರಾದ್ರೆ ಪುಕ್ಕ ಕಿತ್ಕೊಳ್ಳೋದು.

ಕೊನೆಗೆ ಟ್ಯಾಂಕ್ ಮಾರಿ ಟೆರೇಸಲ್ಲಿ ಎರಡು ಮೆಶ್ ಪಂಜರ ಕಟ್ಟಿಸ್ದೆ, ಅರ್ಧ ನೆರಳು, ಹದ್ದಿನ ಕಾಟಕ್ಕೆ ಮೇಲೂ ಮೆಶ್. ಒಂಬತ್ತರಿಂದ ಹತ್ತೂವರೆ ತನಕ ನೇರ ಬಿಸಿಲು. ನುಗ್ಗೆ ಸೊಪ್ಪು, ದಾಸವಾಳದ ಎಲೆ-ಹೂವು, ಸಿಹಿ ಕುಂಬಳ, ಪಪ್ಪಾಯ ಒಟ್ಟಿಗೇ ಹೆಚ್ಚೋದು, ಇಗುವಾನಕ್ಕೆ ಸೊಪ್ಪು ಮುಕ್ಕಾಲು ಪಾಲು, ಮಕಾವ್‌ಗೆ ಅದರ ಜೊತೆ ಪೆಲೆಟ್ಟು (ಹಕ್ಕಿಗಳ ರೆಡಿಮೇಡ್ ಗುಳಿಗೆ ಆಹಾರ), ಎರಡು ಮೂರು ಅಕ್ರೋಟು. ಮಕಾವ್ ಮೂರು ವಾರ ಬಟ್ಟಲು ಬಿಸಾಕ್ತು. ಆಮೇಲೆ ನಾನೇ ಅದರ ಎದುರು ಕೂತು ಕುಂಬಳಕಾಯಿ ತಿಂದೆ, ಮನೆಯವ್ರು ನಕ್ಕಿದ್ದೇ ನಕ್ಕಿದ್ದು, ನಾಲ್ಕನೇ ದಿನ ಅದೂ ಬಾಯಿ ಹಾಕ್ತು. ದಿನಾ ತೂಕ ನೋಡ್ತಿದ್ದೆ, ಒಂದು ಕೇಜಿ ಆಸುಪಾಸು ನಿಂತಿತ್ತು. ಬೀಜ ಯಾವ ಲೆಕ್ಕದಲ್ಲಿ ಇಳಿಸ್ದೆ ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ.

ಮಧ್ಯೆ ಒಂದು ಹುಚ್ಚಾಟ, ಬಿಳಿ, ಹಳದಿ, ಕೆಂಪು ದಾಸವಾಳ ಸಾಲಾಗಿ ಇಟ್ಟು ನೋಡ್ದೆ, ಇಗುವಾನ ಹತ್ತರಲ್ಲಿ ಎಂಟು ಸಲ ಕೆಂಪಿಗೇ ಹೋಯ್ತು.

ಆದ್ರೂ ಎರಡೂ ಒಂದೇ ಅಲ್ಲ. ರಾತ್ರಿ ಕರೆಂಟ್ ಹೋಗಿ ಚಳಿ ಆದ್ರೆ ಇಗುವಾನ ಊಟ ಬಿಡುತ್ತೆ, ಬಿಸಿ ಇಲ್ದೆ ಅದಕ್ಕೆ ತಿಂದಿದ್ದು ಅರಗಲ್ಲ. ನಾನು ಎರಡು ದಿನ ಊರಿಗೆ ಹೋದ್ರೆ ಮಕಾವ್ ಪುಕ್ಕ ಕೀಳುತ್ತೆ. ಡಿಸೆಂಬರಲ್ಲಿ ಹೀಟರ್‌ಗೆ ಬಿಲ್ ಒಂಬೈನೂರು ಜಾಸ್ತಿ ಬರುತ್ತೆ, ಮಕಾವ್‌ಗೆ ಬಿಲ್ ಇಲ್ಲ, ನನ್ನ ರಜಾನೇ ಖರ್ಚು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಎರಡನ್ನೂ ರಿಜಿಸ್ಟರ್ ಮಾಡಿಸಿದ್ದೀನಿ.

ಪಂಜರ ಮಾತ್ರ ದೂರ ಇಡಿ. ಒಂದ್ಸಲ ಇಗುವಾನದ ಬಾಲದ ತುದಿ ಮೆಶ್ ಆಚೆ ಬಂದಿತ್ತು, ಮಕಾವ್ ಒಂದೇ ಕಚ್ಚಿಗೆ ಕತ್ತರಿಸ್ತು. ಈಗ ಮತ್ತೆ ಬೆಳೆದಿದೆ, ಆದ್ರೆ ಆ ತುಂಡು ಕಪ್ಪು.