ಎರಡು ಪರ್ಸೆಂಟ್ ಬೋರ್ಡು ಕಿತ್ತ ಮೇಲೆ

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಏಳೆಂಟು ವರ್ಷ ಒಂದು ಬೋರ್ಡು ನೇತಾಡ್ತಿತ್ತು: ‘ಕಾರ್ಡಿಗೆ 2% ಎಕ್ಸ್‌ಟ್ರಾ’. ಅದನ್ನು ಕಿತ್ತು ಎರಡು ವರ್ಷ ಆಯ್ತು. ಕಿತ್ತ ದಿನ ನಮ್ಮ ಮಾವ, ಪಕ್ಕದ ಅಂಗಡಿಯವರು, ಆಡಿಟರ್ ಮೂವರದ್ದೂ ಒಂದೇ ಮಾತು, ‘ಕೈಯಿಂದ ಕಳ್ಕೊತೀಯ’. ಕಳ್ಕೊಂಡಿಲ್ಲ. ಲೆಕ್ಕವೆಲ್ಲ ನೆನಪಿನಿಂದ ಬರೀತಿದ್ದೀನಿ, ನೂರಿನ್ನೂರು ಆಚೀಚೆ ಆದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮದು ಹಾಸನದ ಬಿ.ಎಂ. ರಸ್ತೆಯಲ್ಲಿ ವೀಡ್ ಕಟರ್, ಸ್ಪ್ರೇಯರ್, ಚೈನ್ ಸಾ, ಸಣ್ಣ ಪಂಪ್‌ಸೆಟ್ ಮಾರುವ ಅಂಗಡಿ. ಮಷೀನ್ ಮೇಲೆ ಉಳಿಯೋದು ಏಳೋ ಎಂಟೋ ಪರ್ಸೆಂಟ್. ಗಿರಾಕಿ ಕಾರ್ಡ್ ಉಜ್ಜಿದಾಗೆಲ್ಲ ಅದರಲ್ಲಿ ಎರಡು ಚಾರ್ಜು ಅಂತ ಬ್ಯಾಂಕಿಗೆ ಹೋದರೆ ಬಾಡಿಗೆ, ಹುಡುಗರ ಸಂಬಳ ಎಲ್ಲಿಂದ ಬರಬೇಕು? ಬೋರ್ಡು ಹಾಕಿದ್ದು ಅದಕ್ಕೇ, ದುರಾಸೆಗಲ್ಲ.

ಆದರೆ ಕೂತು ಲೆಕ್ಕ ಹಾಕಿದ ದಿನ ನಗು ಬಂತು. ನನ್ನ ಸ್ವೈಪ್ ಮಷೀನಿಗೆ ಬ್ಯಾಂಕು ಹಿಡಿಯೋ ರೇಟು ಕ್ರೆಡಿಟ್ ಕಾರ್ಡಿಗೆ 1.9 ಪರ್ಸೆಂಟ್, ಆ ಚಾರ್ಜಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 28,000ದ ವೀಡ್ ಕಟರ್‌ಗೆ ಗಿರಾಕಿ ಹತ್ತಿರ ಜಗಳ ಆಡಿ 560 ಕೀಳ್ತಿದ್ದೆ, ಬ್ಯಾಂಕು ನನ್ನ ಹತ್ತಿರ 630ರ ಆಸುಪಾಸು ಹಿಡೀತಿತ್ತು. ಜಗಳವೂ ನನ್ನದು, ನಷ್ಟವೂ ನನ್ನದು.

ಡೆಬಿಟ್ ಕಾರ್ಡಲ್ಲಿ ಇದರ ಉಲ್ಟಾ. ಅಲ್ಲಿ ನಾನೇ ತಿಂತಿದ್ದೆ, ಒಪ್ಕೋತೀನಿ. ಡೆಬಿಟ್‌ಗೆ 2018ರ ಜನವರಿಯಿಂದ ನನ್ನಂಥ ಅಂಗಡಿಗೆ ಬ್ಯಾಂಕು ಹಿಡಿಯೋ ಚಾರ್ಜಿಗೆ 0.90 ಪರ್ಸೆಂಟಿನ ಮಿತಿ ಇದೆ, ಒಂದು ಸ್ವೈಪಿಗೆ 1,000 ರೂಪಾಯಿ ಮೀರೋ ಹಾಗಿಲ್ಲ. ರುಪೇ ಡೆಬಿಟ್‌ಗಂತೂ 2020ರಿಂದ ಸೊನ್ನೆ. ಆದರೂ ಎಲ್ಲಾ ಕಾರ್ಡಿಗೂ ಎರಡು ಅಂತ ಕಣ್ಣು ಮುಚ್ಕೊಂಡು ಹಾಕ್ತಿದ್ದೆ. ಅರಸೀಕೆರೆ ಕಡೆಯ ಒಬ್ಬ ಮೇಷ್ಟ್ರು ಪಂಪ್‌ಸೆಟ್ ಒಯ್ದವರು ಬ್ಯಾಂಕಿಗೆ ದೂರು ಬರೆದು ಹಾಕಿದರು. ಡೆಬಿಟ್ ಮೇಲೆ ಅಂಗಡಿಯವರು ಹೆಚ್ಚು ಕೇಳೋದನ್ನು ತಡೀರಿ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆಯಂತೆ. ಸ್ವೈಪ್ ಮಷೀನ್ ಕೊಟ್ಟವರ ಕಡೆಯ ಹುಡುಗ ಬಂದು, “ಇನ್ನೊಂದು ಕಂಪ್ಲೇಂಟ್ ಬಂದ್ರೆ ಎತ್ಕೊಂಡ್ ಹೋಗ್ತೀವಿ ಸಾರ್” ಅಂದ. ಅದೇ ವಾರ ಆಡಿಟರ್ ಬೇರೆ ಬೈದರು: ಬಿಲ್ಲಿಗೆ ಸೇರಿಸದೆ ಇಸ್ಕೊಂಡ 560 ಕೂಡ ಮಾಲಿನ ಬೆಲೆಯೇ, ಅದಕ್ಕೂ ಜಿಎಸ್‌ಟಿ ಕಟ್ಟಬೇಕು.

ಸರಿ ಅಂತ ಬೋರ್ಡು ತೆಗೆದು ಎಲ್ಲಾ ಮಾಲಿನ ಮೇಲೂ ಎರಡು ಪರ್ಸೆಂಟ್ ಏರಿಸಿದೆ. ದೊಡ್ಡ ದಡ್ಡತನ. ಆಲೂಗಡ್ಡೆ ಬಿತ್ತೋ ಕಾಲ, ಬ್ಯಾಟರಿ ಸ್ಪ್ರೇಯರ್ ರೇಟು ಊರೂರಿಗೇ ಬಾಯಿಪಾಠ. ನೂರು ರೂಪಾಯಿ ಜಾಸ್ತಿ ಅಂದ ತಕ್ಷಣ ಗಿರಾಕಿ ಮೆಟ್ಟಿಲು ಇಳಿದು ಪಕ್ಕದ ಅಂಗಡಿ ಹತ್ತಿದ. ಆ ಸೀಸನ್ನಿನಲ್ಲಿ ಮೂವತ್ತು ಸ್ಪ್ರೇಯರ್ ಹಾಗೇ ಉಳಿದವು.

ಆಮೇಲೆ ಕಾರ್ಡೇ ಬೇಡ ಅಂತ ಸ್ವೈಪ್ ಮಷೀನ್ ಎತ್ತಿ ಡ್ರಾಯರ್‌ಗೆ ಹಾಕಿದೆ. ಒಂದೂವರೆ ತಿಂಗಳು. ಸಕಲೇಶಪುರದ ಒಬ್ಬ ಪ್ಲಾಂಟರ್ ನಾಲ್ಕು ವೀಡ್ ಕಟರ್ ಒಟ್ಟಿಗೆ ತಗೊಳ್ಳೋರು, ಬಿಲ್ ಮಾಡಿದ ಮೇಲೆ ಕಾರ್ಡ್ ಇಲ್ಲ ಅಂದೆ. “ಏನ್ರೀ, ನಮ್ಗೆ ದುಡ್ಡು ಬರೋದು ಕಾಫಿ ಕುಯ್ಲಾದ್ಮೇಲೆ. ಈಗ ಕಾರ್ಡೂ ಬೇಡ ಅಂದ್ರೆ ಉದ್ರಿ ಕೊಡ್ತೀರಾ?” ಅಂದರು. ಉದ್ರಿ ಕೊಟ್ಟು ಕೈ ಸುಟ್ಕೊಂಡ ಹಳೇ ಪುಸ್ತಕ ಇನ್ನೂ ಅಲ್ಮೇರಾದಲ್ಲಿದೆ. ಆ ಮಾತು ಕೇಳಿದ ಮೇಲೆ ಹೊಳೀತು, ಕಾರ್ಡ್ ಅಂದರೆ ವಸೂಲಿಯ ತಲೆನೋವಿಲ್ಲದ ಉದ್ರಿ. ಅದಕ್ಕೆ 1.9 ಕೊಟ್ಟರೂ ತಪ್ಪಿಲ್ಲ. ಆದರೆ ಕೈಯಲ್ಲಿ ದುಡ್ಡಿದ್ದೂ ಕಾರ್ಡಿನ ರಿವಾರ್ಡ್ ಪಾಯಿಂಟ್ ಆಸೆಗೆ ಉಜ್ಜೋರಿಗೆ ಯಾಕೆ ಕೊಡಬೇಕು?

ಮೊದಲು ಮಾಡಿದ ಕೆಲಸ, ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಕಾರ್ಡಿನ ಜಾತಿ ಪ್ರಕಾರ ಬೇರೆ ಮಾಡಿದ್ದು. ಕಂಪನಿ ಹೆಸರಿನ ಕಾರ್ಡಿಗೆ ಎರಡೂವರೆ ದಾಟಿ ಹಿಡೀತಿದ್ರು, ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಹೊಟ್ಟೆ ಉರಿ: ಬ್ಯಾಂಕು ಹಿಡಿದ ಚಾರ್ಜಿನ ಜಿಎಸ್‌ಟಿಗೆ ತಿಂಗಳು ತಿಂಗಳು ಬಿಲ್ ಇರುತ್ತೆ, ಡೌನ್‌ಲೋಡ್ ಮಾಡಿ ಆಡಿಟರ್‌ಗೆ ಕೊಟ್ಟರೆ ಇನ್‌ಪುಟ್ ಸಿಗುತ್ತೆ, ಅಂದರೆ ನಾವು ಕಟ್ಟೋ ಜಿಎಸ್‌ಟಿಯಲ್ಲಿ ಅಷ್ಟು ಕಳೀತಾರೆ. ನಾನು ಕೊಟ್ಟೇ ಇರಲಿಲ್ಲ. ವರ್ಷಕ್ಕೆ ಹದಿನೈದು ಸಾವಿರದ ಹತ್ತಿರ. ಹಿಂದಿನ ವರ್ಷದ್ದು ಕೇಳೋ ಗಡುವು ನವೆಂಬರ್ 30, ಅದು ದಾಟಿದ್ದರಿಂದ ಅದು ಮುಳುಗಿತು, ಆ ವರ್ಷದ್ದು ಮಾತ್ರ ಸಿಕ್ಕಿತು. ರೆಗ್ಯುಲರ್ ಜಿಎಸ್‌ಟಿಯಲ್ಲಿ ಇರೋರು ಇವತ್ತೇ ನೋಡ್ಕೊಳ್ಳಿ.

ರೇಟು 1.9ರಿಂದ 1.6ಕ್ಕೆ ಇಳಿಸಿಕೊಂಡೆ. ಹೇಗೆ ಅಂತ ಇಲ್ಲಿ ಹೇಳಲ್ಲ, ಪಕ್ಕದವರೂ ಓದ್ತಾರೆ. ಇನ್ನೊಂದು ಬ್ಯಾಂಕಿನ ಮಷೀನೂ ಒಂದು ತಿಂಗಳು ಮೇಜಿನ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇತ್ತು ಅನ್ನೋದಷ್ಟು ಹೇಳಬಹುದು.

ಆಮೇಲೆ ಅಸಲಿ ವಿಷಯ. ಮಷೀನುಗಳ ಬೆಲೆ ಮುಟ್ಟಲಿಲ್ಲ. ಬ್ಲೇಡು, ನೈಲಾನ್ ದಾರ, ಕಾರ್ಬೋರೇಟರ್ ಥರದ ಬಿಡಿಭಾಗ ಇವೆಯಲ್ಲ, ಯಾರೂ ನಾಲ್ಕು ಅಂಗಡಿ ತಿರುಗಿ ರೇಟು ಕೇಳದ ಮಾಲು, ಅಲ್ಲಿ ಎರಡು ಪರ್ಸೆಂಟ್ ಏರಿಸಿದೆ. ಕಾರ್ಡ್ ಕೊಟ್ಟರೆ ಹಾಕಿದ ಬೆಲೆಗೇ ಮಾತಿಲ್ಲದೆ ಸ್ವೈಪ್. ಸ್ಕ್ಯಾನೋ ಕ್ಯಾಶೋ ಆದರೆ ಮಷೀನ್ ಜೊತೆ ಒಂದು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸೋದು) ಬಾಟಲಿ ಫ್ರೀ. ನನಗೆ ಬೀಳೋದು ನೂರಹತ್ತು, ಗಿರಾಕಿ ಕಣ್ಣಿಗೆ ಇನ್ನೂರರ ವಸ್ತು. ‘ಎರಡು ಪರ್ಸೆಂಟ್ ಕೊಡಿ’ ಅಂದಾಗ ರೇಗ್ತಿದ್ದ ಜನ, ಬಾಟಲಿ ಮೇಜಿನ ಮೇಲೆ ಇಟ್ಟ ತಕ್ಷಣ ಅವರೇ ಕಾರ್ಡ್ ಜೇಬಿಗೆ ಹಾಕಿ ಫೋನ್ ತೆಗೀತಾರೆ. ಬಾಟಲಿ ಇಡೋದಕ್ಕೂ ಒಂದು ಹೊತ್ತಿದೆ, ಬಿಲ್ಲಿಗೆ ಮುಂಚೆ ಅಲ್ಲ. ಅಷ್ಟು ಸಾಕು.

ಎಡವಿದ್ದೂ ಇದೆ. ಆಲೂರಿನವರೊಬ್ಬರು ಫೋರ್ ಸ್ಟ್ರೋಕ್ ಮಷೀನ್ ಒಯ್ದರು, ಹುಡುಗ ಅದಕ್ಕೂ ಟೂಟಿ ಬಾಟಲಿ ಕೊಟ್ಟು ಕಳಿಸಿದ್ದಾನೆ. ಅವರ ಆಳು ಪೆಟ್ರೋಲಿಗೆ ಬೆರೆಸಿ, ತೋಟ ತುಂಬಾ ಹೊಗೆ. ಪ್ಲಗ್, ಸರ್ವೀಸು, ಹೋಗಿಬಂದ ಪೆಟ್ರೋಲು ಸೇರಿ ಎಂಟುನೂರು ನನ್ನ ತಲೆಗೆ. ಈಗ ಫೋರ್ ಸ್ಟ್ರೋಕ್ ಆದರೆ ನೈಲಾನ್ ದಾರದ ಸುರುಳಿ.

ಸ್ಕ್ಯಾನ್ ಅಂದರೆಲ್ಲ ಪುಕ್ಕಟೆ ಅಂದ್ಕೋಬೇಡಿ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಕಟ್ಟಿ ಸ್ಕ್ಯಾನ್ ಮಾಡ್ತಾರೆ. ಸ್ಪೀಕರ್ ಪೂರ್ತಿ ದುಡ್ಡು ಬಂತು ಅಂತ ಕೂಗುತ್ತೆ, ಬೆಳಿಗ್ಗೆ ಚಾರ್ಜು ಹಿಡಿದು ಅಕೌಂಟಿಗೆ ಬಂದದ್ದು ಕಡಿಮೆ. ನಾನು ಒಂದು ವಾರ ಹುಡುಗನ ಮೇಲೆ ಅನುಮಾನ ಪಟ್ಟೆ, ಪಾಪ. ಈಗ ದೊಡ್ಡ ಬಿಲ್ಲಾದರೆ ಗಿರಾಕಿ ಫೋನಿನ ಪರದೆ ಒಂದು ಸಲ ಇಣುಕಿ ನೋಡ್ತೀನಿ. ರುಪೇ ಕ್ರೆಡಿಟ್ ಆದರೆ ಬಾಟಲಿ ಮೇಜಿನ ಕೆಳಗೇ.

ಪೇಮೆಂಟ್ ಲಿಂಕ್ ಕಳಿಸೋ ಪ್ರಯೋಗವೂ ಮಾಡಿದೆ. ಒಬ್ಬಾತ ಮಾಲು ಇಳಿಸ್ಕೊಂಡು, ‘ಈ ಪಾವತಿ ನಾನು ಮಾಡಿದ್ದೇ ಅಲ್ಲ’ ಅಂತ ಬ್ಯಾಂಕಿಗೆ ತಕರಾರು ಹಾಕಿದ. ದುಡ್ಡು ಬ್ಯಾಂಕಿನಲ್ಲಿ ನಲವತ್ತು ದಿನ ಸಿಕ್ಕಿಹಾಕಿಕೊಂಡಿತ್ತು. ಮತ್ತೆ ಆ ಸಹವಾಸಕ್ಕೆ ಹೋಗಿಲ್ಲ. ಎಸ್ಟೇಟಿನವರ ದೊಡ್ಡ ಆರ್ಡರಿಗೆ ಆರ್‌ಟಿಜಿಎಸ್, ಅಂದರೆ ಬ್ಯಾಂಕಿಂದ ಬ್ಯಾಂಕಿಗೆ ನೇರ ದುಡ್ಡು. ಎರಡು ಲಕ್ಷ ಮುಟ್ಟಿದ ಕ್ಯಾಶ್ 2017ರಿಂದ ತಗೊಳ್ಳೋ ಹಾಗೂ ಇಲ್ಲ.

ಒಟ್ಟಾರೆ ಲೆಕ್ಕ ಹೇಳಬೇಕಂದ್ರೆ: ಮೊದಲು ಮಾರಾಟದ ಮೂರನೇ ಒಂದು ಪಾಲು ಕಾರ್ಡು, ಈಗ ಐದನೇ ಒಂದು. ಬ್ಯಾಂಕಿಗೆ ಹೋಗೋದು ವರ್ಷಕ್ಕೆ ನಲವತ್ತೈದು ಸಾವಿರ, ಆಯಿಲ್ ಮತ್ತೆ ದಾರದ ಖರ್ಚು ಇಪ್ಪತ್ತೇಳು-ಇಪ್ಪತ್ತೆಂಟು. ಮೊದಲೇ ಕ್ಯಾಶ್ ಕೊಡ್ತಿದ್ದವರಿಗೂ ಬಾಟಲಿ ಕೊಡಬೇಕಾಗಿದ್ದು ಹೊಸ ಖರ್ಚೇ, ಮಾವ ಹಿಡಿದದ್ದೂ ಅದನ್ನೇ. ಬಿಡಿಭಾಗದಲ್ಲಿ ನಲವತ್ತು ಸಾವಿರ ಬಂತು. ಸಕಲೇಶಪುರ, ಬೇಲೂರು ಕಡೆಯಿಂದ ಇಪ್ಪತ್ತು ಮಷೀನ್ ಹೆಚ್ಚು ಹೋದವು, ಅದರಲ್ಲಿ ಇನ್ನೊಂದು ನಲವತ್ತು. ಆ ನಾಲ್ಕು ವೀಡ್ ಕಟರಿನ ಪ್ಲಾಂಟರ್ ಕೂಡ ಬಂದರು, ಕಾರ್ಡೇ ಉಜ್ಜಿದರು. ಅವರಿಗೂ ಒಂದು ಬಾಟಲಿ ಕೊಟ್ಟೆ, ನಿಯಮ ಮುರಿದು.

ಪಕ್ಕದ ಅಂಗಡಿಯಲ್ಲಿ ಬೋರ್ಡು ಇನ್ನೂ ಇದೆ. ಹೋದ ವಾರ ಅವರ ಹುಡುಗ ಬಂದು “ಅಣ್ಣಾ, ಆಯಿಲ್ ಎಲ್ಲಿಂದ ತರಿಸ್ತೀರಿ?” ಅಂದ. ಟೀ ಕುಡಿಸಿ ಕಳಿಸಿದೆ. ಈಗ ನನ್ನ ತಲೆಯಲ್ಲಿರೋದು ಬೋರ್ಡೋ ದ್ರಾವಣ (ತೋಟಕ್ಕೆ ರೋಗ ಬರದ ಹಾಗೆ ಹೊಡೆಯೋ ಔಷಧಿ) ಸಿಂಪಡಣೆ ಸೀಸನ್ನು: ಸ್ಪ್ರೇಯರ್ ಜೊತೆ ಏನು ಕೊಡೋದು? ಮಾಸ್ಕ್ ಕೊಟ್ಟು ನೋಡಿದೆ, ಅಲ್ಲೇ ಮೇಜಿನ ಮೇಲೆ ಬಿಟ್ಟು ಹೋಗ್ತಾರೆ.