ನ್ಯೂಯಾರ್ಕಿನಲ್ಲಿ ನಾಯಿ ಸಾಕುವ ಮುಂಚೆ

ಊರಲ್ಲಿ ನಾಯಿ ಸಾಕೋದು ಗೊತ್ತಲ್ಲ, ಉಳಿದ ಅನ್ನಕ್ಕೆ ಹಾಲು ಕಲಸಿ ಗೇಟಿನ ಹತ್ತಿರ ಇಟ್ಟರೆ ಮುಗೀತು. ಇಲ್ಲಿ ನಾಯಿಗೂ ಲೈಸೆನ್ಸ್ ಬೇಕು. ನಗರದ ಆರೋಗ್ಯ ಇಲಾಖೆಯ ವೆಬ್‌ಸೈಟಿನಲ್ಲೇ ಆಗುತ್ತದೆ. ಬಿಲ್ಲೆ ಬಂದ ಮೇಲೆ ಕೊರಳಿಗೆ ಹಾಕಿ. ಬೆಕ್ಕಿಗೆ ಬೇಡ.

ನಾನು ಎಡವಿದ್ದು ಶುಲ್ಕದ ವಿಷಯದಲ್ಲಿ. ಸಂತಾನಹರಣ ಆಪರೇಷನ್ ಆದ ನಾಯಿಗೆ ವರ್ಷಕ್ಕೆ 8.50 ಡಾಲರ್, ಆಗದಿದ್ದರೆ 34. ಜನ ಮಾಡಿಸಲಿ ಅಂತಲೇ ಈ ಅಂತರ. ‘ಮೂಕಪ್ರಾಣಿಯ ಹೊಟ್ಟೆ ಕೊಯ್ಸೋದಾ? ನಮ್ಮಮ್ಮ ಕೇಳಿದರೆ ಏನಂದಾಳು?’ ಅಂತ ಹೆಂಡತಿಯ ಮುಂದೆ ಭಾಷಣ ಬಿಗಿದೆ. 25.50 ಜಾಸ್ತಿ ತಾನೆ, ಇಲ್ಲಿಯ ಎರಡು ಮಸಾಲೆ ದೋಸೆ ದುಡ್ಡು. ಐದು ವರ್ಷ ಧಾರಾಳವಾಗಿ ಕಟ್ಟಿದೆ. ಕೈ ಬಿಗಿ ಇರುವವರಿಗೆ ಆ ದುಡ್ಡು ಚುರುಕು ಮುಟ್ಟಿಸುತ್ತದೆ. ನನ್ನಂಥ ಮೊಂಡನಿಗೆ ಇಲ್ಲ.

ಆರನೇ ವರ್ಷ, ಬೆದೆ ಮುಗಿದು ತಿಂಗಳಾಗಿತ್ತು. ನಮ್ಮ ನಾಯಿ ಚಿನ್ನಿ ಊಟ ಬಿಟ್ಟಳು. ನೀರು ಮಾತ್ರ ಬಟ್ಟಲು ಬಟ್ಟಲು ಕುಡಿದಳು. ಗರ್ಭಕೋಶದ ತುಂಬ ಕೀವು. ರಾತ್ರೋರಾತ್ರಿ ಆಪರೇಷನ್. ನಾನು ಬೇಡ ಅಂದಿದ್ದ ಅದೇ ಆಪರೇಷನ್, ಸಾವಿರಾರು ಡಾಲರಿಗೆ.

ಮಗಳು ಚಿನ್ನಿಯ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ‘ಮೊದಲೇ ಯಾಕೆ ಮಾಡಿಸಲಿಲ್ಲ, ಅಪ್ಪಾ?’

‘ಪಾಪ ಅಂತ ಕಣಮ್ಮಾ.’

‘ಪಾಪ ಅನ್ಸಿದ್ರೆ ಮಾಡಿಸಬೇಕಿತ್ತು ಅಲ್ವಾ?’

ಅವಳಿಗೆ ಗೊತ್ತಿರುವುದು ‘ಅಯ್ಯೋ ಪಾಪ’ ಒಂದೇ. ಪಾಪ-ಪುಣ್ಯದ ಪಾಪವನ್ನು ಇಲ್ಲಿ ಯಾರು ಹೇಳಿಕೊಟ್ಟಿದ್ದರು? ಆ ಹೊತ್ತಿನಲ್ಲಿ ವಿವರಿಸುವ ಮುಖವೂ ನನಗಿರಲಿಲ್ಲ.

ಆದ್ದರಿಂದ ಮರಿ ತಂದ ವಾರದಲ್ಲೇ ಡಾಕ್ಟರನ್ನು ಕೇಳಿ, ಯಾವ ವಯಸ್ಸಿಗೆ ಮಾಡಿಸಬೇಕು ಅಂತ. ಕಡಿಮೆ ಖರ್ಚಿನ ಕ್ಲಿನಿಕ್ಕುಗಳೂ ಇವೆ. ಮಾಡಿಸಿದ ಚೀಟಿ ಜೋಪಾನ. ನಮ್ಮ ಸಂಪ್ರದಾಯ, ಅಮ್ಮ ಏನಂತಾಳೋ ಅಂತೆಲ್ಲ ಸುಮ್ನೆ ನೆಪ ಹೇಳಬೇಡಿ.

ಅಮ್ಮನಿಗೆ ಹೇಳಿದ್ದು ವಾರದ ಮೇಲೆ, ವಿಡಿಯೋ ಕಾಲಿನಲ್ಲಿ. ಚಿನ್ನಿಯ ಬೋಳು ಹೊಟ್ಟೆಯ ಹೊಲಿಗೆ ನೋಡಿ ಅಮ್ಮ ಫೋನನ್ನು ಬೆಂಗಳೂರಿನ ಮನೆಯ ಗೇಟಿನತ್ತ ತಿರುಗಿಸಿದಳು. ಅಲ್ಲಿ ಬೀದಿನಾಯಿ ಕೆಂಪಿ, ಎಡಗಿವಿಯ ತುದಿ ಕತ್ತರಿಸಿದ್ದು.

‘ಇವಳಿಗೆ ಕಾರ್ಪೊರೇಷನ್ನಿನವರು ಎಂದೋ ಮಾಡಿಸಿದರು ಕಣೋ, ಕಿವಿ ಕತ್ತರಿಸಿದ್ದು ಅದರ ಗುರುತೇ. ನಾನೇ ಹಿಡಿದುಕೊಟ್ಟೆ.’