ಬಾದಾಮಿ ಫೀಲ್ಡ್‌ಗೆ ಬ್ಯಾಗ್ ತುಂಬುವ ಮೊದಲು
ಜಿಯಾಲಜಿ ಫೀಲ್ಡ್‌ಗೆ ಬಾದಾಮಿ, ಬಾಗಲಕೋಟೆ ಕಡೆ ಹೊರಟಿದ್ದೀರಲ್ವಾ, ಬಟ್ಟೆ ಕಡಿಮೆ ಮಾಡಿ, ನೀರು ಜಾಸ್ತಿ ಇಡಿ. ಒಬ್ಬರಿಗೆ 3 ಲೀಟರ್ ಬೇಕೇ ಬೇಕು, ಮಧ್ಯಾಹ್ನ ಆ ಕೆಂಪು ಮರಳುಗಲ್ಲು ಕಾದರೆ ಕೈ ಇಡೋಕೂ ಆಗಲ್ಲ. ಕಂಪಾಸ್ ಹಿಡಿದು ಪದರದ ದಿಕ್ಕು ಅಳೆಯುವಾಗ ಸುತ್ತಿಗೆ, ಮೊಬೈಲ್ ಎರಡೂ ದೂರ ಇಡಿ. ನಾನು ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅಳೆದಿದ್ದೆ, ಮುಳ್ಳು ಸರಿದು ಇಡೀ ದಿನದ ಲೆಕ್ಕ ಮತ್ತೆ ಮಾಡಬೇಕಾಯ್ತು. ಸುಣ್ಣಕಲ್ಲು ಹೌದಾ ಅಂತ ನೋಡಲು ತೆಳು ಆಸಿಡ್ ಒಂದು ಹನಿ ಸಾಕು, ಬುಸ್ಸಂತ ನೊರೆ ಬರುತ್ತೆ. ಡೋಲೊಮೈಟ್ (ಸುಣ್ಣಕಲ್ಲಿನಂತೆಯೇ ಕಾಣುವ, ಮೆಗ್ನೀಸಿಯಂ ಇರುವ ಕಲ್ಲು) ಆದರೆ ಗೀರಿ ಪುಡಿ ಮಾಡಿ, ಆ ಪುಡಿ ಮೇಲೆ ಆಸಿಡ್ ಹಾಕಿ. ಆ ಬಾಟಲಿ ಮಾತ್ರ ಊಟದ ಜೊತೆ ಇಡಬೇಡಿ. ಗುಹೆಗಳ ಹತ್ತಿರ ಸುತ್ತಿಗೆ ತೆಗೆಯಲೇಬೇಡಿ, ಅದು ಸಂರಕ್ಷಿತ ಜಾಗ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ನಾಲ್ಕು ದಿನ ಕೆಡಲ್ಲ.